ಕ್ವೀನ್ ಮೇರಿ: ವೇಳಾಪಟ್ಟಿಗಾಗಿ ಹುಟ್ಟಿದ ಹಡಗು

ಪ್ರಶ್ನೆ: ಟೈಟಾನಿಕ್ ಹಡಗು ಮುಳುಗಿ ಹೆಸರಾಯಿತು. ಮುಳುಗದೆ ಮೂವತ್ತು ವರ್ಷ ಓಡಿದ ಕ್ವೀನ್ ಮೇರಿ ಯಾವುದರಿಂದ ಹೆಸರಾಯಿತು? ಕೇವಲ ಗಾತ್ರ ಮತ್ತು ವೇಗಗಳಿಂದಲೇ? ಈಗ ಕ್ಯಾಲಿಫೋರ್ನಿಯಾದಲ್ಲಿ ಹೋಟೆಲಾಗಿ ನಿಂತಿರುವ ಅದನ್ನು ಇನ್ನೂ ಹಡಗು ಎಂದು ಕರೆಯಬಹುದೇ? ಅದನ್ನು ಉಳಿಸಿಕೊಳ್ಳಲು ಅಷ್ಟೊಂದು ಹಣ ಸುರಿಯುವುದು ಸರಿಯೇ?

ಉತ್ತರ: ಗಾತ್ರ ಮತ್ತು ವೇಗಗಳ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ. ಕ್ವೀನ್ ಮೇರಿಯನ್ನು ಜಗತ್ತಿನ ಅತಿ ದೊಡ್ಡ ಅಥವಾ ಅತಿ ವೇಗದ ಹಡಗಾಗಲೆಂದು ಕಟ್ಟಿದರು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಅದನ್ನು ಕಟ್ಟಿಸಿದ ಕುನಾರ್ಡ್ ಕಂಪನಿಯ ವಾದ ಇದಕ್ಕೆ ನೇರ ವಿರುದ್ಧವಾಗಿತ್ತು. ತಾವು ಅಂದುಕೊಂಡ ಸೇವೆಯನ್ನು ನಡೆಸಲು ಎಷ್ಟು ಚಿಕ್ಕ, ಎಷ್ಟು ನಿಧಾನದ ಹಡಗು ಸಾಕಾದೀತೋ ಅಷ್ಟನ್ನು ಮಾತ್ರ ಕಟ್ಟುತ್ತಿದ್ದೇವೆ ಎಂದು ಕಂಪನಿಯ ಅಧ್ಯಕ್ಷ ಸರ್ ಪರ್ಸಿ ಬೇಟ್ಸ್ ಹೇಳುತ್ತಿದ್ದರು. ಲೆಕ್ಕ ಹಾಕಿ ನೋಡಿದರೆ ಆ ಮಾತು ನಿಜವೆಂದು ಮನವರಿಕೆಯಾಗುತ್ತದೆ.

ಲೈನರ್ ಎಂದರೆ ವಿಹಾರದ ಹಡಗಲ್ಲ. ಎರಡು ಬಂದರುಗಳ ನಡುವೆ, ಗೊತ್ತುಪಡಿಸಿದ ದಿನ, ಹವಾಮಾನ ಹೇಗೇ ಇರಲಿ, ಜನರನ್ನೂ ಅಂಚೆಯನ್ನೂ ಹೊತ್ತು ಹೊರಡಲೇಬೇಕಾದ ಹಡಗು ಅದು. ನಮ್ಮ ಮೇಲ್ ರೈಲಿಗೆ ಹೋಲಿಸಿದರೆ ತಪ್ಪಾಗದು. ಇಂಗ್ಲೆಂಡಿನ ಸೌತಾಂಪ್ಟನ್ನಿಂದ ಪ್ರತಿ ವಾರ ಒಂದು ಹಡಗು ನ್ಯೂಯಾರ್ಕಿಗೆ, ಅಲ್ಲಿಂದ ಪ್ರತಿ ವಾರ ಒಂದು ಹಡಗು ಇತ್ತ ಕಡೆಗೆ ಹೊರಡಬೇಕೆಂಬುದು ಕುನಾರ್ಡಿನ ನಿಯಮವಾಗಿತ್ತು. 1920ರ ದಶಕದಲ್ಲಿ ಇದಕ್ಕೆ ಮಾರಿಟೇನಿಯಾ, ಅಕ್ವಿಟೇನಿಯಾ, ಬೆರೆಂಗೇರಿಯಾ ಎಂಬ ಮೂರು ಹಡಗುಗಳು ಬೇಕಾಗುತ್ತಿದ್ದವು, ಮತ್ತು ಮೂರಕ್ಕೂ ವಯಸ್ಸಾಗುತ್ತಿತ್ತು. ಮೂರರ ಕೆಲಸವನ್ನು ಎರಡೇ ಹಡಗುಗಳು ಮಾಡುವಂತಾದರೆ ಸಿಬ್ಬಂದಿ, ಇಂಧನ, ದುರಸ್ತಿ, ಬಂದರು ಶುಲ್ಕ ಎಲ್ಲದರಲ್ಲೂ ಉಳಿತಾಯವಾಗುತ್ತಿತ್ತು. ಹಾಗಾಗಬೇಕಾದರೆ ಒಂದು ಹಡಗು ಹೋಗಿ ಬಂದು ಮತ್ತೆ ಹೊರಡಲು ಸಿದ್ಧವಾಗುವುದು ಹದಿನಾಲ್ಕು ದಿನಗಳೊಳಗೆ ಮುಗಿಯಬೇಕು. ಎರಡೂ ಬಂದರುಗಳಲ್ಲಿ ಪ್ರಯಾಣಿಕರನ್ನು ಇಳಿಸಿ, ಹತ್ತಿಸಿ, ಎಣ್ಣೆ, ನೀರು, ದಿನಸಿ ತುಂಬಿಕೊಳ್ಳುವ ಸಮಯವನ್ನು ಕಳೆದರೆ ಸಾಗರ ದಾಟಲು ಒಂದೊಂದು ಬದಿಗೆ ಐದು ದಿನಕ್ಕಿಂತ ಕಡಿಮೆ ಉಳಿಯುತ್ತದೆ. ದೂರ ಸುಮಾರು 3,100 ನಾಟಿಕಲ್ ಮೈಲಿ. 28.5 ನಾಟ್, ಅಂದರೆ ಗಂಟೆಗೆ 28.5 ನಾಟಿಕಲ್ ಮೈಲಿ ವೇಗದಲ್ಲಿ ಬೇಸಿಗೆ ಚಳಿಗಾಲವೆನ್ನದೆ ಓಡಿದರೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ.

ಹಡಗಿನ ವೇಗ ಸ್ವಲ್ಪ ಹೆಚ್ಚಬೇಕಾದರೂ ಎಂಜಿನ್ನಿನ ಶಕ್ತಿ ಬಹಳ ಹೆಚ್ಚಬೇಕಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ ವೇಗದ ಘನದ ಪ್ರಮಾಣದಲ್ಲಿ ಶಕ್ತಿ ಏರುತ್ತದೆ. 28.5 ನಾಟ್ ವೇಗವನ್ನು ಸತತವಾಗಿ ಕಾಯ್ದುಕೊಳ್ಳಲು ಕ್ವೀನ್ ಮೇರಿಗೆ 24 ಬಾಯ್ಲರುಗಳು, ನಾಲ್ಕು ಜೋಡಣೆ ಉಗಿ ಟರ್ಬೈನುಗಳು ಮತ್ತು ನಾಲ್ಕು ಪ್ರೊಪೆಲ್ಲರುಗಳು ಬೇಕಾದವು. ಒಟ್ಟು ಶಕ್ತಿ ಸುಮಾರು 1,60,000 ಅಶ್ವಶಕ್ತಿ. ಇಷ್ಟು ಯಂತ್ರಗಳಿಗೂ ಅವುಗಳಿಗೆ ಬೇಕಾದ ಎಣ್ಣೆಗೂ ಜಾಗ ಬಿಟ್ಟು, ಖರ್ಚು ಹುಟ್ಟುವಷ್ಟು ಪ್ರಯಾಣಿಕರಿಗೂ ಜಾಗ ಸಿಗಬೇಕೆಂದರೆ ಒಡಲು ಉದ್ದವಾಗಲೇಬೇಕು. ಹೀಗೆ 1,019 ಅಡಿ ಉದ್ದದ, 118 ಅಡಿ ಅಗಲದ, 80,000 ಟನ್ನಿಗೂ ಮೀರಿದ ಹಡಗು ರೂಪುಗೊಂಡಿತು. ಗಾತ್ರವನ್ನು ವೇಗವೂ, ವೇಗವನ್ನು ವೇಳಾಪಟ್ಟಿಯೂ ನಿರ್ಧರಿಸಿದವು. ಈ ಒಂದು ಸಂಗತಿಯನ್ನು ಕೈಯಲ್ಲಿ ಹಿಡಿದುಕೊಂಡರೆ ಈ ಹಡಗಿನ ಯುದ್ಧಕಾಲದ ಕೀರ್ತಿಯೂ ಅದರ ಅವಸಾನವೂ ಅರ್ಥವಾಗುತ್ತವೆ.

ಕಟ್ಟುವ ಕೆಲಸ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಜಾನ್ ಬ್ರೌನ್ ಕಂಪನಿಯ ಹಡಗುಕಟ್ಟೆಯಲ್ಲಿ 1930ರ ಡಿಸೆಂಬರಿನಲ್ಲಿ ಆರಂಭವಾಯಿತು. ಆಗ ಅದಕ್ಕೆ ಹೆಸರಿರಲಿಲ್ಲ, 534 ಎಂಬ ಸಂಖ್ಯೆ ಮಾತ್ರ ಇತ್ತು. ಒಂದೇ ವರ್ಷಕ್ಕೆ, 1931ರ ಡಿಸೆಂಬರಿನಲ್ಲಿ, ಜಾಗತಿಕ ಆರ್ಥಿಕ ಕುಸಿತದ ಹೊಡೆತಕ್ಕೆ ಕೆಲಸ ನಿಂತುಹೋಯಿತು. ಸಾವಿರಾರು ಕಾರ್ಮಿಕರು ಕ್ರಿಸ್‌ಮಸ್ಸಿಗೆ ಎರಡು ವಾರವಿರುವಾಗ ಮನೆಗೆ ಹೋದರು. ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ, ಆ ಅರೆಬರೆ ಒಡಲು ಊರಿನ ಮನೆಗಳ ಮಾಡುಗಳ ಮೇಲೆ ಎತ್ತರಕ್ಕೆ ನಿಂತು ತುಕ್ಕು ಹಿಡಿಯುತ್ತಿತ್ತು. ಕೆಲಸವಿಲ್ಲದ ಊರಿಗೆ ಪ್ರತಿ ಬೆಳಗ್ಗೆ ಕಣ್ಣಿಗೆ ಬೀಳುತ್ತಿದ್ದುದು ಅದೇ. ಆ ಭಾಗದ ಸಂಸದ ಡೇವಿಡ್ ಕರ್ಕ್‌ವುಡ್ ಈ ಹಡಗಿನ ಮಾತನ್ನು ಸಂಸತ್ತಿನಲ್ಲಿ ಮತ್ತೆ ಮತ್ತೆ ಎತ್ತಿದರು. ಕೊನೆಗೆ ಹಣಕಾಸು ಸಚಿವರಾಗಿದ್ದ ನೆವಿಲ್ ಚೇಂಬರ್ಲಿನ್ ಸರ್ಕಾರದ ಸಾಲಕ್ಕೆ ಒಪ್ಪಿದರು, ಆದರೆ ಕುನಾರ್ಡ್ ಮತ್ತು ಸೊರಗುತ್ತಿದ್ದ ವೈಟ್ ಸ್ಟಾರ್ ಕಂಪನಿಗಳು ಒಂದಾಗಬೇಕೆಂಬ ಷರತ್ತು ಹಾಕಿದರು. ಒಟ್ಟು 95 ಲಕ್ಷ ಪೌಂಡಿನ ಆ ಸಾಲದಲ್ಲಿ 30 ಲಕ್ಷ ಈ ಹಡಗನ್ನು ಮುಗಿಸಲು ಮೀಸಲಾಗಿತ್ತು, 50 ಲಕ್ಷ ಇದರ ಜೋಡಿ ಹಡಗಿಗೆಂದು ತೆಗೆದಿರಿಸಲಾಗಿತ್ತು. ಒಂದೇ ಹಡಗಿನಿಂದ ವಾರದ ಸೇವೆ ನಡೆಯದು ಎಂಬುದನ್ನು ಸರ್ಕಾರವೂ ಒಪ್ಪಿಕೊಂಡಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. 1934ರ ಏಪ್ರಿಲಿನಲ್ಲಿ ಕಾರ್ಮಿಕರು ಬ್ಯಾಗ್‌ಪೈಪ್ ವಾದ್ಯದವರನ್ನು ಮುಂದಿಟ್ಟುಕೊಂಡು ಹಡಗುಕಟ್ಟೆಯೊಳಗೆ ಮರಳಿದರು.

1934ರ ಸೆಪ್ಟೆಂಬರ್ 26ರಂದು, ಸುರಿಯುವ ಮಳೆಯಲ್ಲಿ, ದೊರೆ ಐದನೇ ಜಾರ್ಜರ ಸಮ್ಮುಖದಲ್ಲಿ ರಾಣಿ ಮೇರಿ ತಮ್ಮದೇ ಹೆಸರಿಟ್ಟು ಹಡಗನ್ನು ನೀರಿಗಿಳಿಸಿದರು. ಕಂಪನಿ ವಿಕ್ಟೋರಿಯಾ ಎಂಬ ಹೆಸರಿಡಲು ಬಯಸಿ, ಇಂಗ್ಲೆಂಡಿನ ಅತ್ಯಂತ ಶ್ರೇಷ್ಠ ರಾಣಿಯ ಹೆಸರಿಡಲು ಅಪ್ಪಣೆ ಬೇಕೆಂದು ದೊರೆಯನ್ನು ಕೇಳಿದಾಗ, ತಮ್ಮ ಹೆಂಡತಿಗೆ ಬಹಳ ಸಂತೋಷವಾಗುತ್ತದೆ ಎಂದು ಅವರು ಉತ್ತರಿಸಿದರು ಎಂಬ ಕತೆಯೊಂದು ಪ್ರಚಾರದಲ್ಲಿದೆ. ಕತೆ ಚೆನ್ನಾಗಿದೆ, ಆದರೆ ನಾನು ಅದನ್ನು ಇತಿಹಾಸವೆಂದು ಎಣಿಸುವುದಿಲ್ಲ. ಕ್ಲೈಡ್ ನದಿಯಲ್ಲಿ ಕ್ವೀನ್ ಮೇರಿ ಎಂಬ ಹೆಸರಿನ ಚಿಕ್ಕ ಹಡಗೊಂದು ಮೊದಲೇ ಇತ್ತು, ದೊಡ್ಡ ಹಡಗಿಗೆ ಹೆಸರು ಬಿಟ್ಟುಕೊಟ್ಟು ಅದು ಎರಡನೇ ಕ್ವೀನ್ ಮೇರಿ ಎಂದು ಕರೆಸಿಕೊಂಡಿತು ಎಂಬುದಷ್ಟು ನಿಶ್ಚಿತ.

1936ರ ಮೇ 27ರಂದು ಹಡಗು ಸೌತಾಂಪ್ಟನ್ನಿಂದ ಮೊದಲ ಯಾತ್ರೆಗೆ ಹೊರಟಿತು. ಆ ವರ್ಷದ ಆಗಸ್ಟಿನಲ್ಲಿ ಅಟ್ಲಾಂಟಿಕ್ಕನ್ನು ಅತಿ ವೇಗವಾಗಿ ದಾಟಿದ ಹಡಗಿಗೆ ಸಲ್ಲುವ ಬ್ಲೂ ರಿಬಾಂಡ್ ಗೌರವವನ್ನು ಫ್ರಾನ್ಸಿನ ನಾರ್ಮಂಡಿಯಿಂದ ಕಿತ್ತುಕೊಂಡಿತು. 1937ರಲ್ಲಿ ನಾರ್ಮಂಡಿ ಅದನ್ನು ಮರಳಿ ಪಡೆಯಿತು. 1938ರ ಆಗಸ್ಟಿನಲ್ಲಿ ಕ್ವೀನ್ ಮೇರಿ ಪೂರ್ವಕ್ಕೆ ಬರುವಾಗ 31.69 ನಾಟ್ ಸರಾಸರಿಯಲ್ಲಿ ಓಡಿ ಗೌರವವನ್ನು ತನ್ನದಾಗಿಸಿಕೊಂಡಿತು. ಅಲ್ಲಿಂದ 1952ರಲ್ಲಿ ಯುನೈಟೆಡ್ ಸ್ಟೇಟ್ಸ್ ಎಂಬ ಅಮೆರಿಕದ ಹಡಗು ಮುರಿಯುವವರೆಗೆ ಹದಿನಾಲ್ಕು ವರ್ಷ ಆ ದಾಖಲೆ ಅಳಿಯಲಿಲ್ಲ. ಸೌಂದರ್ಯದಲ್ಲಿ ನಾರ್ಮಂಡಿಯ ಕೈ ಮೇಲು ಎಂಬುದನ್ನು ಒಪ್ಪಬೇಕು. ಕ್ವೀನ್ ಮೇರಿಯ ಚೆಲುವು ಮರದ ಕೆಲಸದಲ್ಲಿತ್ತು: ಸಾಮ್ರಾಜ್ಯದ ಹಲವು ನಾಡುಗಳಿಂದ ತರಿಸಿದ ಐವತ್ತಕ್ಕೂ ಹೆಚ್ಚು ಬಗೆಯ ಮರಗಳ ಹಲಗೆಗಳಿಂದ ಅದರ ಒಳಗೋಡೆಗಳನ್ನು ಹೊದಿಸಿದ್ದರು. ಮುಖ್ಯ ಭೋಜನಶಾಲೆಯ ಗೋಡೆಯ ಮೇಲೆ ಮ್ಯಾಕ್‌ಡೊನಾಲ್ಡ್ ಗಿಲ್ ಬರೆದ ಅಟ್ಲಾಂಟಿಕ್ ನಕ್ಷೆಯಿತ್ತು. ಅದರಲ್ಲಿ ಹರಳಿನ ಪುಟ್ಟ ಹಡಗೊಂದು ಚಲಿಸುತ್ತ, ಊಟಕ್ಕೆ ಕುಳಿತವರಿಗೆ ತಾವು ಸಾಗರದ ಯಾವ ಭಾಗದಲ್ಲಿದ್ದೇವೆಂದು ತೋರಿಸುತ್ತಿತ್ತು. ಆರಂಭದ ವರ್ಷಗಳಲ್ಲಿ ಹಡಗು ವಿಪರೀತ ಹೊಯ್ದಾಡುತ್ತಿತ್ತು, ಹಿಂಭಾಗ ನಡುಗುತ್ತಿತ್ತು. ನಡುಕ ಹೊಸ ಪ್ರೊಪೆಲ್ಲರುಗಳಿಂದ ಬೇಗ ಹತೋಟಿಗೆ ಬಂದಿತು. ಹೊಯ್ದಾಟವನ್ನು ತಗ್ಗಿಸುವ ರೆಕ್ಕೆಗಳು ಕೂಡಿದ್ದು ಮಾತ್ರ 1958ರಲ್ಲಿ.

ಅದು ನಿಜವಾದ ಹಿರಿಮೆಯನ್ನು ಗಳಿಸಿದ್ದು ಯುದ್ಧದಲ್ಲಿ. 1939ರಲ್ಲಿ ಯುದ್ಧ ಆರಂಭವಾದಾಗ ಹಡಗು ನ್ಯೂಯಾರ್ಕಿನಲ್ಲಿ ಉಳಿಯಿತು. 1940ರ ಮಾರ್ಚಿನಲ್ಲಿ, ಮೈಗೆಲ್ಲ ಬೂದುಬಣ್ಣ ಬಳಿದುಕೊಂಡು, ಕೇಪ್‌ಟೌನ್ ಮಾರ್ಗವಾಗಿ ಸಿಡ್ನಿಗೆ ಹೋಗಿ ಸೈನಿಕರ ಹಡಗಾಯಿತು. ಆಗ ಅಂಟಿದ ಹೆಸರು ಬೂದುಭೂತ. 1940ರ ಕೊನೆಯ ತಿಂಗಳುಗಳಲ್ಲಿ ಅದು ಆಸ್ಟ್ರೇಲಿಯಾದ ಸೈನಿಕರನ್ನು ಮುಂಬಯಿಗೆ ತಂದಿತ್ತು. ಕೆಂಪು ಸಮುದ್ರದ ಅಪಾಯಕ್ಕೆ ಇಷ್ಟು ದೊಡ್ಡ ಹಡಗನ್ನು ಒಡ್ಡುವುದು ಬೇಡವೆಂದು ಅಲ್ಲಿಂದ ಮುಂದೆ ಸೂಯೆಜ್ ಕಡೆಗೆ ಆ ಸೈನಿಕರು ಚಿಕ್ಕ ಹಡಗುಗಳಲ್ಲಿ ಹೋದರು.

1942ರಿಂದ ಅಮೆರಿಕದ ಸೇನೆಯನ್ನು ಬ್ರಿಟನ್ನಿಗೆ ಸಾಗಿಸುವ ಕೆಲಸ ಬಂದಿತು. ಇಲ್ಲಿ ಆ ಹಳೆಯ ವೇಳಾಪಟ್ಟಿಯ ವೇಗ ಬೇರೊಂದು ರೀತಿಯಲ್ಲಿ ಕೆಲಸಕ್ಕೆ ಬಂದಿತು. ಜರ್ಮನಿಯ ಜಲಾಂತರ್ಗಾಮಿಗಳು ನೀರಿನ ಮೇಲೆ ಓಡಿದರೂ ಸುಮಾರು 17 ನಾಟ್ ಮೀರುತ್ತಿರಲಿಲ್ಲ, ನೀರಿನಡಿಯಲ್ಲಿ ಅದರ ಅರ್ಧವೂ ಇರಲಿಲ್ಲ. 28 ನಾಟ್ ವೇಗದಲ್ಲಿ ಅಂಕುಡೊಂಕಾಗಿ ಸಾಗುವ ಹಡಗನ್ನು ಬೆನ್ನಟ್ಟುವುದು ಅವುಗಳಿಗೆ ಅಸಾಧ್ಯವಾಗಿತ್ತು. ಜೊತೆಯಲ್ಲಿ ಓಡಬಲ್ಲ ಬೆಂಗಾವಲು ನೌಕೆಗಳೂ ಇರಲಿಲ್ಲವಾದ್ದರಿಂದ ನಡುಸಾಗರವನ್ನು ಕ್ವೀನ್ ಮೇರಿ ಒಂಟಿಯಾಗಿಯೇ ದಾಟುತ್ತಿತ್ತು. ಎರಡು ಸಾವಿರ ಚಿಲ್ಲರೆ ಪ್ರಯಾಣಿಕರಿಗಾಗಿ ಕಟ್ಟಿದ ಹಡಗಿನಲ್ಲಿ ಹದಿನೈದು ಸಾವಿರ ಜನರನ್ನು ತುಂಬುತ್ತಿದ್ದರು. ಸೈನಿಕರು ಸರದಿಯ ಮೇಲೆ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು, ದಿನಕ್ಕೆ ಎರಡೇ ಊಟ. ಹಡಗನ್ನು ಕೆಂಪು, ಬಿಳಿ, ನೀಲಿ ಎಂದು ಮೂರು ವಲಯಗಳಾಗಿ ಭಾಗಿಸಿ, ಒಂದು ವಲಯದವರು ಇನ್ನೊಂದಕ್ಕೆ ಕಾಲಿಡದಂತೆ ಬಣ್ಣದ ಬಿಲ್ಲೆ ಕೊಡುತ್ತಿದ್ದರು. ಇಷ್ಟು ಜನ ಒಂದೇ ಬದಿಗೆ ಸೇರಿದರೆ ಹಡಗೇ ವಾಲುವ ಅಪಾಯವಿತ್ತು. 1943ರ ಜುಲೈ ಕೊನೆಯಲ್ಲಿ ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿಗೆ ಬಂದ ಒಂದು ಯಾತ್ರೆಯಲ್ಲಿ ಸಿಬ್ಬಂದಿಯೂ ಸೇರಿ 16,683 ಜನರಿದ್ದರು.

ಅಷ್ಟು ಜನರಿಗೆ ಸಾಕಾಗುವಷ್ಟು ಜೀವರಕ್ಷಕ ದೋಣಿಗಳು ಇರಲಿಲ್ಲ. ದೋಣಿ, ತೆಪ್ಪಗಳು ಸುಮಾರು ಎಂಟು ಸಾವಿರ ಜನರಿಗೆ ಮಾತ್ರ ಸಾಲುತ್ತಿದ್ದವು. ಅಷ್ಟಕ್ಕೇ ನಿಲ್ಲಿಸಬೇಕೇ, ತುಂಬುವಷ್ಟು ತುಂಬಬೇಕೇ ಎಂದು ಅಮೆರಿಕದ ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ತಮ್ಮನ್ನು ಕೇಳಿದ್ದನ್ನು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ದಾಖಲಿಸಿದ್ದಾರೆ. ನಿರ್ಧಾರವನ್ನು ಮಾರ್ಷಲ್ ಅವರಿಗೇ ಬಿಟ್ಟರೂ, ನಿಜವಾದ ಕಾರ್ಯಾಚರಣೆಯಾದರೆ ತಾವಾದರೆ ಎಲ್ಲರನ್ನೂ ಹತ್ತಿಸುತ್ತಿದ್ದೆವೆಂಬ ಅರ್ಥದ ಉತ್ತರ ಅವರು ಕೊಟ್ಟರು, ಹಡಗು ತುಂಬಿಯೇ ಹೊರಟಿತು. ಹದಿನೈದು ಸಾವಿರ ಜನರ ಪ್ರಾಣವನ್ನು ಹಡಗಿನ ವೇಗವೊಂದರ ಮೇಲೆ ಪಣಕ್ಕಿಟ್ಟ ನಿರ್ಧಾರ ಅದು. ಯುದ್ಧ ಮುಗಿಯುವಷ್ಟರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕ್ವೀನ್ ಮೇರಿ ಸಾಗಿಸಿತ್ತು, ಶತ್ರುವಿನ ಕೈಯಲ್ಲಿ ಅವರಲ್ಲಿ ಒಬ್ಬರನ್ನೂ ಕಳೆದುಕೊಂಡಿರಲಿಲ್ಲ. ಚರ್ಚಿಲ್ ಕೂಡ ಕರ್ನಲ್ ವಾರ್ಡನ್ ಎಂಬ ಮರೆಹೆಸರಿನಲ್ಲಿ ಇದರಲ್ಲಿ ಪ್ರಯಾಣ ಮಾಡಿದ್ದರು.

ಆದರೆ ಅದೇ ವೇಗ ಒಂದು ದಿನ ಸ್ವಪಕ್ಷದವರ ಜೀವ ತೆಗೆಯಿತು, ಮತ್ತು ಈ ಹಡಗಿನ ಬಗ್ಗೆ ಬರೆಯುವವರು ಅದನ್ನು ಎರಡು ಸಾಲಿನಲ್ಲಿ ಮುಗಿಸಬಾರದೆಂದು ನನಗೆ ಬಲವಾಗಿ ಅನಿಸುತ್ತದೆ. 1942ರ ಅಕ್ಟೋಬರ್ 2ರಂದು ಹತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರನ್ನು ಹೊತ್ತ ಕ್ವೀನ್ ಮೇರಿ ಐರ್ಲೆಂಡಿನ ಉತ್ತರಕ್ಕೆ ಬಂದಾಗ, ವಿಮಾನ ದಾಳಿಯಿಂದ ರಕ್ಷಿಸಲು ಕ್ಯುರಸೋವಾ ಎಂಬ ಹಳೆಯ ಕ್ರೂಸರ್ ಯುದ್ಧನೌಕೆ ಅದನ್ನು ಕೂಡಿಕೊಂಡಿತು. ಆ ಕ್ರೂಸರಿನ ವೇಗ ಸುಮಾರು 25 ನಾಟ್ ಮಾತ್ರ. ಅದು ನೇರ ದಾರಿಯಲ್ಲಿ ಮುಂದೆ ಹೋಗುತ್ತಿತ್ತು. ಹಿಂದಿನಿಂದ ಬರುತ್ತಿದ್ದ ಕ್ವೀನ್ ಮೇರಿ ಗೊತ್ತುಪಡಿಸಿದ ಕ್ರಮದಲ್ಲಿ ಎಡಕ್ಕೆ ಬಲಕ್ಕೆ ತಿರುಗುತ್ತ, ಹೆಚ್ಚಿನ ವೇಗದಿಂದ ಅದನ್ನು ಸಮೀಪಿಸುತ್ತಿತ್ತು. ದಾರಿ ಬಿಡಬೇಕಾದದ್ದು ಇನ್ನೊಬ್ಬರೆಂದು ಎರಡೂ ಕಡೆಯ ಅಧಿಕಾರಿಗಳು ಭಾವಿಸಿದರು. ಮಧ್ಯಾಹ್ನದ ಬೆಳಕಿನಲ್ಲಿ, ಒಬ್ಬರಿಗೊಬ್ಬರು ಕಾಣುತ್ತಿರುವಾಗಲೇ, ಕ್ವೀನ್ ಮೇರಿಯ ಮೂತಿ ಕ್ರೂಸರನ್ನು ನಡುವೆ ಸೀಳಿಕೊಂಡು ಹೋಯಿತು. ಕೆಲವೇ ನಿಮಿಷಗಳಲ್ಲಿ ಎರಡು ತುಂಡುಗಳೂ ಮುಳುಗಿದವು. ಮುನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು, ನೂರರಷ್ಟು ಮಂದಿ ಮಾತ್ರ ಬದುಕಿದರು.

ಕ್ವೀನ್ ಮೇರಿ ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ. ಜಲಾಂತರ್ಗಾಮಿಗಳಿರುವ ನೀರಿನಲ್ಲಿ ಯಾವ ಕಾರಣಕ್ಕೂ ನಿಲ್ಲಕೂಡದೆಂದು ಅದಕ್ಕೆ ಆಜ್ಞೆಯಿತ್ತು. ಕ್ಯಾಪ್ಟನ್ ಸಿರಿಲ್ ಇಲಿಂಗ್‌ವರ್ತ್ ದೂರದಲ್ಲಿದ್ದ ವಿಧ್ವಂಸಕ ನೌಕೆಗಳಿಗೆ ಸುದ್ದಿ ಕೊಟ್ಟು, ಒಡೆದ ಮೂತಿಯಲ್ಲೇ ಮುಂದೆ ಸಾಗಿದರು. ಆ ನೌಕೆಗಳು ಹಿಂದಿರುಗಿ ಬಂದು ಬದುಕುಳಿದವರನ್ನು ಎತ್ತಿಕೊಂಡವು. ಯುದ್ಧ ಮುಗಿಯುವವರೆಗೆ ಸುದ್ದಿಯನ್ನು ಹೊರಬಿಡಲಿಲ್ಲ. ಆಮೇಲೆ ನಡೆದ ಮೊಕದ್ದಮೆಯಲ್ಲಿ ಮೊದಲ ನ್ಯಾಯಾಲಯ ತಪ್ಪೆಲ್ಲ ಕ್ರೂಸರಿನದೆಂದಿತು. ಮೇಲ್ಮನವಿಯಲ್ಲಿ ಮೂರರಲ್ಲಿ ಎರಡು ಪಾಲು ಹೊಣೆ ನೌಕಾಪಡೆಗೂ ಒಂದು ಪಾಲು ಕುನಾರ್ಡಿಗೂ ಹಂಚಿಕೆಯಾಯಿತು, 1949ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಎತ್ತಿಹಿಡಿಯಿತು. ಇಂದು ಹಡಗು ನಿಂತಿರುವ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಈ ಹಡಗಿನ ಭೂತದ ಕತೆಗಳಿಗೆ ಟಿಕೆಟ್ ಇದೆ. ಅವುಗಳನ್ನು ಕೇಳಲು ಬರುವವರಿಗೆ ಕ್ಯುರಸೋವಾದ ನಾವಿಕರ ಹೆಸರುಗಳನ್ನು ಮೊದಲು ಓದಿ ಹೇಳಬೇಕೆಂಬುದು ನನ್ನ ಆಸೆ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಮೆರಿಕ ಮತ್ತು ಕೆನಡಾದ ಸೈನಿಕರನ್ನು ಮದುವೆಯಾಗಿದ್ದ ಸಾವಿರಾರು ಹೆಣ್ಣುಮಕ್ಕಳನ್ನು, ಅವರ ಕೂಸುಗಳನ್ನು ಅದು ಸಾಗರದಾಚೆ ದಾಟಿಸಿತು. 1947ರ ಜುಲೈ 31ರಂದು ಮತ್ತೆ ಪ್ರಯಾಣಿಕರ ಸೇವೆಗೆ ಮರಳಿತು. ಜೋಡಿ ಹಡಗು ಕ್ವೀನ್ ಎಲಿಜಬೆತ್ ಆ ವೇಳೆಗೆ ಸಿದ್ಧವಾಗಿತ್ತು. 1930ರಲ್ಲಿ ಕಾಗದದ ಮೇಲೆ ಹಾಕಿದ್ದ ಎರಡು ಹಡಗುಗಳ ವಾರದ ಸೇವೆ ಹೀಗೆ ಹದಿನೇಳು ವರ್ಷಗಳ ಬಳಿಕ ನೀರಿನ ಮೇಲೆ ನಡೆಯತೊಡಗಿತು. ಮುಂದಿನ ಹತ್ತು ವರ್ಷ ಅದು ಲಾಭದಲ್ಲಿ ನಡೆಯಿತು.

1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಸೇವೆ ಆರಂಭವಾಯಿತು. ಐದು ದಿನದ ದಾರಿ ಒಂದು ಹಗಲಿಗಿಳಿಯಿತು. ಬೇರೆ ಹಡಗುಗಳಾಗಿದ್ದರೆ ವಿಹಾರಯಾತ್ರೆಗೆ ತಿರುಗಿ ಬದುಕಬಹುದಿತ್ತು. ಕ್ವೀನ್ ಮೇರಿಗೆ ಅದು ಸಾಧ್ಯವಾಗಲಿಲ್ಲ. ಅದನ್ನು ಚಳಿಯ ಅಟ್ಲಾಂಟಿಕ್ಕಿಗೆಂದು ಕಟ್ಟಿದ್ದರು, ಬಿಸಿಲಿನಲ್ಲಿ ಕೂರಲು ತೆರೆದ ಅಂಗಳ ಕಡಿಮೆ, ಅಗಲ ಪನಾಮಾ ಕಾಲುವೆಯ 110 ಅಡಿಯ ಬಾಗಿಲುಗಳಿಗಿಂತ ಹೆಚ್ಚು, ಆಳ ಬಹಳ ಬಂದರುಗಳಿಗೆ ಒಗ್ಗದು, ಪೂರ್ಣ ವೇಗದಲ್ಲಿ ದಿನಕ್ಕೆ ಸುಮಾರು 1,000 ಟನ್ ಎಣ್ಣೆ. ಒಂದು ವೇಳಾಪಟ್ಟಿಗಾಗಿ ಇಷ್ಟು ನಿಖರವಾಗಿ ಕಟ್ಟಿದ ಹಡಗಿಗೆ ಆ ವೇಳಾಪಟ್ಟಿ ಬೇಡವಾದಾಗ ಬೇರೆ ಉದ್ಯೋಗ ಸಿಗಲಿಲ್ಲ. ಕುನಾರ್ಡ್ ಈ ಪಾಠವನ್ನು ಕಲಿಯಿತು. ಅದೇ ಹಡಗುಕಟ್ಟೆಯಲ್ಲಿ ಮುಂದೆ ಕಟ್ಟಿಸಿದ ಎರಡನೇ ಕ್ವೀನ್ ಎಲಿಜಬೆತ್ ಹಡಗು ಪನಾಮಾ ಕಾಲುವೆಯಲ್ಲಿ ಹಿಡಿಸುವಷ್ಟೇ ಅಗಲವಿತ್ತು, ಬೇಸಿಗೆಯಲ್ಲಿ ಲೈನರ್, ಚಳಿಗಾಲದಲ್ಲಿ ವಿಹಾರದ ಹಡಗು ಎಂದು ಎರಡೂ ಕೆಲಸ ಮಾಡುತ್ತಿತ್ತು. ಆ ಹಡಗು ನೀರಿಗಿಳಿದದ್ದು 1967ರ ಸೆಪ್ಟೆಂಬರ್ 20ರಂದು. ಎರಡು ದಿನದ ನಂತರ, 22ರಂದು, ಕ್ವೀನ್ ಮೇರಿ ತನ್ನ ಕೊನೆಯ ಅಟ್ಲಾಂಟಿಕ್ ದಾಟುವಿಕೆಗಾಗಿ ನ್ಯೂಯಾರ್ಕಿನಿಂದ ಹೊರಟಿತು.

ಲಾಂಗ್ ಬೀಚ್ ನಗರ ಹಡಗನ್ನು 34.5 ಲಕ್ಷ ಡಾಲರಿಗೆ ಕೊಂಡಿತು. ಕಾಲುವೆಯಲ್ಲಿ ಹಿಡಿಸದ ಕಾರಣ ಹಡಗು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನನ್ನು ಸುತ್ತಿಕೊಂಡು 1967ರ ಡಿಸೆಂಬರ್ 9ರಂದು ಅಲ್ಲಿಗೆ ಮುಟ್ಟಿತು. ಅದೃಷ್ಟದ ಮಾರಾಟ ಅದು. ನಾರ್ಮಂಡಿ 1942ರಲ್ಲೇ ನ್ಯೂಯಾರ್ಕಿನಲ್ಲಿ ಸುಟ್ಟು ಮಗುಚಿಬಿದ್ದಿತ್ತು, ಅಕ್ವಿಟೇನಿಯಾ 1950ರಲ್ಲಿ ಗುಜರಿಗೆ ಹೋಗಿತ್ತು, ಜೋಡಿ ಹಡಗು ಕ್ವೀನ್ ಎಲಿಜಬೆತ್ 1972ರ ಜನವರಿಯಲ್ಲಿ ಹಾಂಗ್‌ಕಾಂಗಿನಲ್ಲಿ ಬೆಂಕಿಗೆ ಆಹುತಿಯಾಯಿತು. ಎರಡು ಮಹಾಯುದ್ಧಗಳ ನಡುವೆ ಅಟ್ಲಾಂಟಿಕ್ಕಿಗಾಗಿ ಕಟ್ಟಿದ ಆ ಬೃಹತ್ ಲೈನರುಗಳಲ್ಲಿ ಇಡಿಯಾಗಿ ಕಣ್ಣಿಗೆ ಕಾಣಲು ಉಳಿದದ್ದು ಇದೊಂದೇ.

ಈಗ ಇದು ಹಡಗೇ ಎಂಬ ಪ್ರಶ್ನೆ. ಹೋಟೆಲಾಗಿಸುವಾಗ ಬಾಯ್ಲರುಗಳನ್ನೂ ಮುಂದಿನ ಎಂಜಿನ್ ಕೋಣೆಯ ಯಂತ್ರಗಳನ್ನೂ ವಿದ್ಯುತ್ ಯಂತ್ರಗಳನ್ನೂ ಕಿತ್ತು ಹೊರಹಾಕಿದರು. ಚಿಮಣಿಗಳನ್ನು ಕೆಳಗಿಳಿಸಿದಾಗ ಅವು ತುಕ್ಕಿನಿಂದ ಜೀರ್ಣವಾಗಿದ್ದು ಕಂಡು ಅಲ್ಯುಮಿನಿಯಮ್ಮಿನ ಪ್ರತಿಕೃತಿಗಳನ್ನು ಕೂರಿಸಿದರು. 24 ಬಾಯ್ಲರುಗಳಲ್ಲಿ ಒಂದನ್ನಾದರೂ ಉಳಿಸದೆ ಹೋದದ್ದು ನನ್ನ ದೃಷ್ಟಿಯಲ್ಲಿ ತುಂಬಲಾಗದ ನಷ್ಟ. ಉಗಿ ಹುಟ್ಟುತ್ತಿದ್ದ ಜಾಗವೇ ಇಲ್ಲದಾಗ ನೋಡುವವರಿಗೆ ಹಡಗಿನ ಅರ್ಧ ಕತೆ ಕೈತಪ್ಪುತ್ತದೆ. ಸ್ವಂತ ಬಲದಿಂದ ಚಲಿಸುವ ಅರ್ಥದಲ್ಲಿ ಅದು ಇನ್ನು ಹಡಗಲ್ಲ. ಆದರೆ ಒಡಲು ಇನ್ನೂ ನೀರಿನ ಮೇಲೆ ತೇಲುತ್ತಿದೆ, ಹಿಂದಿನ ಎಂಜಿನ್ ಕೋಣೆ ಉಳಿದಿದೆ, ಮರದ ಕೆಲಸ ಬಹಳಷ್ಟು ಉಳಿದಿದೆ, ಕ್ಲೈಡ್‌ಬ್ಯಾಂಕಿನ ಕಾರ್ಮಿಕರು ಒಂದೊಂದಾಗಿ ಬಡಿದ ಲಕ್ಷಾಂತರ ರಿವೆಟುಗಳು ಅಲ್ಲೇ ಇವೆ. ಆ ಹಡಗುಕಟ್ಟೆಯೇ ಈಗ ಇಲ್ಲ. ಟೈಟನ್ ಎಂಬ ದೈತ್ಯ ಕ್ರೇನೊಂದು ಮಾತ್ರ ನದಿಯ ದಡದಲ್ಲಿ ನಿಂತಿದೆ. ಆದ್ದರಿಂದ ಈ ಹಡಗಿನಲ್ಲಿ ಆ ಜನ ಮಾಡಿದ ಕೈಕೆಲಸವನ್ನು ಪೂರ್ಣ ಗಾತ್ರದಲ್ಲಿ ನೋಡಲು ಇಂದು ಸ್ಕಾಟ್ಲೆಂಡಿನವರೂ ಕ್ಯಾಲಿಫೋರ್ನಿಯಾಕ್ಕೇ ಹೋಗಬೇಕು.

ಹಣದ ಮಾತಿಗೆ ಬಂದರೆ, ಉಳಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ, ಆದರೆ ಹಣ ಹೋಗುವ ಜಾಗದ ಬಗ್ಗೆ ನನ್ನ ತಕರಾರಿದೆ. ಐವತ್ತು ವರ್ಷಗಳಲ್ಲಿ ಕೈಬದಲಾದ ಗುತ್ತಿಗೆದಾರರು ಜನರನ್ನು ಸೆಳೆಯುವ ಆಕರ್ಷಣೆಗಳ ಮೇಲೆ ತೋರಿದ ಉತ್ಸಾಹವನ್ನು ನೀರಿನಡಿಯ ಉಕ್ಕಿನ ಮೇಲೆ ತೋರಲಿಲ್ಲ. 2017ರಲ್ಲಿ ಹೊರಬಂದ ಪರಿಶೀಲನಾ ವರದಿ ದುರಸ್ತಿಗೆ 28.9 ಕೋಟಿ ಡಾಲರಿನವರೆಗೆ ಬೇಕಾದೀತೆಂದು ಎಚ್ಚರಿಸಿತು. 2021ರಲ್ಲಿ ಗುತ್ತಿಗೆದಾರ ಕಂಪನಿ ದಿವಾಳಿಯಾದ ಮೇಲೆ ಹಡಗಿನ ಆಡಳಿತ ದಶಕಗಳ ನಂತರ ನಗರದ ಕೈಗೇ ಮರಳಿತು. ತುರ್ತು ದುರಸ್ತಿಗಳ ಬಳಿಕ 2023ರಲ್ಲಿ ಹೋಟೆಲ್ ಮತ್ತೆ ತೆರೆಯಿತು. ಉಪ್ಪುನೀರಿನಲ್ಲಿ ತೊಂಬತ್ತು ವರ್ಷದಿಂದ ನಿಂತ ಉಕ್ಕನ್ನು ಡ್ರೈಡಾಕಿಗೆ, ಅಂದರೆ ನೀರು ಬಸಿದ ದುರಸ್ತಿ ಕಟ್ಟೆಗೆ, ಒಯ್ಯದೆ ಕಾಪಾಡುವುದು ಬಹಳ ಕಷ್ಟ, ಹಾಗೆ ಒಯ್ದ ಕೊನೆಯ ಸಂದರ್ಭ ಹೋಟೆಲಾಗಿಸಿದ ಕಾಲದ್ದು. ಮೊದಲ ಡಾಲರು ಒಡಲಿಗೆ, ಎರಡನೆಯದು ಎಂಜಿನ್ ಕೋಣೆಗೆ, ಉಳಿದರೆ ಕೋಣೆಗಳ ಅಲಂಕಾರಕ್ಕೆ ಎಂಬ ಕ್ರಮವನ್ನು ನಗರ ಪಾಲಿಸಿದರೆ ಆ ಖರ್ಚನ್ನು ನಾನು ಪೂರ್ಣ ಮನಸ್ಸಿನಿಂದ ಸಮರ್ಥಿಸುತ್ತೇನೆ.

ಅಮೆರಿಕದಲ್ಲಿರುವ ನಮ್ಮವರನ್ನು ನೋಡಲು ಲಾಸ್ ಏಂಜಲಿಸ್ ಕಡೆಗೆ ಹೋಗುವ ಅವಕಾಶ ನಿಮಗೆ ಸಿಕ್ಕರೆ ಊಟದ ಹಜಾರಕ್ಕೂ ಮೊದಲು ಹಡಗಿನ ಹಿಂಭಾಗಕ್ಕೆ ಇಳಿಯಿರಿ. ಟರ್ಬೈನುಗಳ ನಡುವಿನ ಕಬ್ಬಿಣದ ಮೆಟ್ಟಿಲುಗಳನ್ನು ದಾಟಿದ ಮೇಲೆ, ಒಡಲಿನ ಬದಿಗೆ ಕೂರಿಸಿದ ಪೆಟ್ಟಿಗೆಯಂಥ ಕೋಣೆಯೊಂದರಲ್ಲಿ, ಉಳಿಸಿರುವ ಒಂದು ಪ್ರೊಪೆಲ್ಲರ್ ನೀರಿನೊಳಗೆ ಕಾಣುತ್ತದೆ. 30 ಟನ್ನಿಗೂ ಹೆಚ್ಚು ತೂಕದ ಅಂಥ ನಾಲ್ಕು ಪ್ರೊಪೆಲ್ಲರುಗಳು ನಾಲ್ಕೂವರೆ ದಿನ ಒಂದೇ ಸಮನೆ ತಿರುಗಿದರೆ ಮಾತ್ರ ಗೊತ್ತುಪಡಿಸಿದ ದಿನ ಹಡಗು ಕಟ್ಟೆ ಮುಟ್ಟುತ್ತಿತ್ತು.